ಚಿಕ್ಕಮಗಳೂರಿನಲ್ಲಿದ್ದುಕೊಂಡು ಟೆಕ್ನಾಲಜಿ ಬಗ್ಗೆ ಬರೆಯುವುದು ಹೇಗೆ

ಟೆಕ್ನಾಲಜಿ ಬಗ್ಗೆ ಬರೆದು ಬದುಕಬೇಕು ಅಂದರೆ ಬೆಂಗಳೂರಿನಲ್ಲೇ ಇರಬೇಕು ಎಂದು ತುಂಬಾ ಜನ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಚಿಕ್ಕಮಗಳೂರಿನಲ್ಲಿ ಕೂತು ಇದೇ ಕೆಲಸ ಮಾಡುತ್ತಿರುವ ನನಗೆ, ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತಲೇ ಅನಿಸುತ್ತದೆ. ಕರೆಂಟು ಹೋಗದ, ಸಿಗ್ನಲ್ ಯಾವಾಗಲೂ ತುಂಬಿರುವ ಕಡೆ ಎಲ್ಲ ಫೋನೂ ಒಳ್ಳೆಯ ಫೋನೇ, ಎಲ್ಲ ಆಪೂ ಒಳ್ಳೆಯ ಆಪೇ. ಜುಲೈ ಮಳೆಯಲ್ಲಿ, ಬೆಟ್ಟದ ಮರೆಯಲ್ಲಿ, ಒದ್ದೆ ಕೈಯಲ್ಲಿ ಹಿಡಿದಾಗ ಯಾವುದು ನಿಲ್ಲುತ್ತದೆ, ಯಾವುದು ಕೈ ಕೊಡುತ್ತದೆ ಅಂತ ನೋಡಿ ಬರೆದರೆ ಓದುವವರಿಗೆ ಉಪಯೋಗ. ಓದು ಮುಗಿಸಿಯೋ, ನಗರದ ಕೆಲಸ ಬಿಟ್ಟೋ ಹಾಸನ, ಚಿಕ್ಕಮಗಳೂರು ಕಡೆ ಬಂದು ಹೀಗೆ ಬರೆಯಬೇಕು ಅಂತ ಇರುವವರು ಏನೇನು ಮಾಡಿಕೊಳ್ಳಬೇಕು, ಎಲ್ಲಿ ಸುತ್ತಬೇಕು, ಬಿಡುವಿನಲ್ಲಿ ಏನು ಮಾಡಬೇಕು ಅನ್ನುವುದನ್ನು ನನಗೆ ಸರಿ ಕಂಡ ಹಾಗೆ ಹೇಳುತ್ತೇನೆ.

ಮೊದಲು ಕರೆಂಟು, ಆಮೇಲೆ ಇಂಟರ್ನೆಟ್ಟು

ಲ್ಯಾಪ್‌ಟಾಪ್ ಯಾವುದು ಕೊಳ್ಳಲಿ ಅಂತ ಕೇಳುವ ಮುಂಚೆ ಮನೆಯ ಇನ್ವರ್ಟರ್ ನೋಡಿಕೊಳ್ಳಿ. ಲೆಕ್ಕ ಸುಲಭ. 12 ವೋಲ್ಟಿನ 150 ಎ.ಎಚ್. (ಆಂಪಿಯರ್ ಅವರ್) ಬ್ಯಾಟರಿಯಲ್ಲಿ 1800 ವ್ಯಾಟ್ ಅವರ್ ಇರುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬಾರದು, ಅರ್ಧಕ್ಕೆ ನಿಲ್ಲಿಸಿದರೆ ಬಾಳಿಕೆ ಬರುತ್ತದೆ, ಹಾಗಾಗಿ ಕೈಗೆ ಸಿಗುವುದು 900. ಇನ್ವರ್ಟರ್ ತಾನೇ ತಿನ್ನುವುದನ್ನು ಕಳೆದರೆ 700ರ ಹತ್ತಿರ. ಲ್ಯಾಪ್‌ಟಾಪ್‌ಗೆ 50 ವ್ಯಾಟ್, ರೂಟರ್‌ಗೆ 10, ಒಂದು ಎಲ್‌ಇಡಿ ಬಲ್ಬಿಗೆ 9 ಅಂತ ಹಿಡಿದರೆ ಸುಮಾರು 70. ಅಂದರೆ ಹತ್ತು ಗಂಟೆ ಆರಾಮಾಗಿ ಕೆಲಸ ಮಾಡಬಹುದು. ಅದಕ್ಕೆ ಫ್ಯಾನು, ಟಿವಿ, ಮಿಕ್ಸಿ ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಮನೆಯವರಿಗೆ ಮೊದಲೇ ಹೇಳಿಟ್ಟಿರಿ. ಹೊಸದಾಗಿ ಕೊಳ್ಳುವುದಾದರೆ ಪ್ಯೂರ್ ಸೈನ್ ವೇವ್, ಅಂದರೆ ಲೈನ್ ಕರೆಂಟಿನ ಹಾಗೇ ನಯವಾದ ಅಲೆ ಕೊಡುವ ಇನ್ವರ್ಟರನ್ನೇ ಕೊಳ್ಳಿ. ರೂಟರ್‌ಗೆ ಮಾತ್ರ ಬೇಕೆಂದರೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಬಾಡಿಗೆ ಮನೆಯಲ್ಲಿರುವವರಿಗೆ ಅದೇ ಸಾಕು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕೀಳುವ ಅಭ್ಯಾಸ ಮಾಡಿಕೊಳ್ಳಿ. ಹಳೇ ಟೆಲಿಫೋನ್ ತಂತಿಯಲ್ಲಿ ಸಿಡಿಲು ನೇರವಾಗಿ ಮನೆಯೊಳಗೆ ಬರುತ್ತಿತ್ತು. ಈಗ ಇಂಟರ್ನೆಟ್ ತರುವ ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ರೂಟರ್‌ನ ಅಡಾಪ್ಟರ್ ಗೋಡೆಗೇ ತಾನೇ ಸಿಕ್ಕಿಸಿರುವುದು? ಅಪಾಯ ಆ ಕಡೆಯಿಂದ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಮಳೆಗಾಲದ ಗಾಳಿಗೆ ಒಂದು ಮರ ಬಿದ್ದರೆ ಕರೆಂಟಿನ ಕಂಬ, ಫೈಬರ್ ಎರಡೂ ಒಟ್ಟಿಗೆ ಹೋಗುತ್ತವೆ, ಆಗ ಉಳಿಯುವುದು ಟವರ್ ಒಂದೇ. ಮನೆಯೊಳಗೆ ಸಿಗ್ನಲ್ ಸಿಗದವರು ಫೋನಿನಲ್ಲಿ ವೈಫೈ ಕಾಲಿಂಗ್ ಹಾಕಿಕೊಳ್ಳಿ, ಆಗ ಕರೆ ಟವರ್ ಬದಲು ಮನೆಯ ವೈಫೈ ಮೂಲಕ ಹೋಗುತ್ತದೆ. ತೋಟದ ಮನೆಯಲ್ಲಿರುವ ಎಷ್ಟೋ ಜನರಿಗೆ ಇದು ಫೋನಿನಲ್ಲಿ ಇದೆ ಅಂತಲೇ ಗೊತ್ತಿಲ್ಲ.

ಇನ್ನೊಂದು ಮಾತು. ಲೇಖನ ಪೂರ್ತಿ ಆನ್‌ಲೈನ್‌ನಲ್ಲೇ ಬರೆಯುವ ಅಭ್ಯಾಸ ಬಿಡಿ. ಬರೆಯುವುದು ಕಂಪ್ಯೂಟರಿನಲ್ಲಿ, ಕಳಿಸುವುದು ನೆಟ್ ಬಂದಾಗ. ಬೇಕಾದ ಓದನ್ನು ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಳ್ಳಿ. ಸಂಪಾದಕರಿಗೆ ಗಡುವಿಗಿಂತ ಒಂದು ದಿನ ಮುಂಚೆ ಕೊಡುವುದಾಗಿ ಒಪ್ಪಿಕೊಂಡು ಹಾಗೇ ನಡೆದುಕೊಂಡರೆ, ನೀವು ಯಾವ ಊರಿನಲ್ಲಿದ್ದೀರಿ ಅಂತ ಯಾರೂ ಕೇಳುವುದಿಲ್ಲ.

ಕ್ಯಾಮೆರಾ ಇರುವವರು ಜೂನ್‌ಗೆ ಮುಂಚೆ ಗಾಳಿಯಾಡದ ಡಬ್ಬಿ ತಂದಿಟ್ಟುಕೊಳ್ಳಿ. ಮಲೆನಾಡಿನ ತೇವಕ್ಕೆ ಲೆನ್ಸಿನ ಒಳಗೆ ಫಂಗಸ್ ಹಿಡಿಯುತ್ತದೆ, ಒಮ್ಮೆ ಹಿಡಿದರೆ ಬಿಡಿಸುವುದು ಕಷ್ಟ, ಖರ್ಚೂ ಜಾಸ್ತಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕಿ, ಒಂದು ಚಿಕ್ಕ ತೇವಮಾಪಕ ಇಡಿ, ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ಸರಿ. ಸಿಲಿಕಾ ಜೆಲ್ ಕಿತ್ತಳೆ ಬಣ್ಣದ್ದನ್ನೇ ತನ್ನಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ.

ಕನ್ನಡದಲ್ಲಿ ಬರೆಯುವವರಿಗೆ

ಎಲ್ಲವನ್ನೂ ಯೂನಿಕೋಡ್‌ನಲ್ಲೇ, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಒಂದೇ ಥರ ಓದಲು ಬರುವ ಅಕ್ಷರ ಸಂಕೇತದಲ್ಲೇ ಬರೆಯಿರಿ. ಫೋನಿನಲ್ಲಿ ನಿಮಗೆ ಯಾವುದು ಹಿತವೋ ಅದು, ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ ಕಲಿಯಿರಿ. ಮೊದಲು ಸ್ವಲ್ಪ ತಡವರಿಸುತ್ತದೆ, ಬೆರಳು ಕೂತ ಮೇಲೆ ಅದರಷ್ಟು ವೇಗ ಬೇರೆ ಯಾವುದರಲ್ಲೂ ಇಲ್ಲ. ಕೆಲವು ಪತ್ರಿಕೆ, ಪ್ರೆಸ್ಸುಗಳು ಈಗಲೂ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಕೇಳುತ್ತವೆ. ಪರಿವರ್ತಕ ಬಳಸಿ ಕೊಡಿ, ಆದರೆ ಕೊಡುವ ಮುಂಚೆ ಕಣ್ಣಾಡಿಸಿ. ಅರ್ಕಾವತ್ತು ಮತ್ತು ಇಂಗ್ಲಿಷ್ ಪದಗಳ ಹತ್ತಿರ ಜಾಸ್ತಿ ಎಡವಟ್ಟಾಗುತ್ತದೆ. ‘ಸಾಫ್ಟ್‌ವೇರ್’ ಅಂತ ಬರೆದಾಗ ‘ಟ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಅದು ಬಿದ್ದುಹೋದರೆ ‘ವ’ ಬಂದು ‘ಟ’ದ ಕೆಳಗೆ ಒತ್ತಾಗಿ ಕೂರುತ್ತದೆ. ‘ರ‍್ಯಾಂಕ್’ ಬರೆಯುವಾಗಲೂ ಹೀಗೇ, ಆ ಕಾಣದ ಅಕ್ಷರ ಹೋದರೆ ‘ರ’ಕಾರ ಸೂರ್ಯನಲ್ಲಿ ಬರುವ ಹಾಗೆ ಅರ್ಕಾವತ್ತಾಗಿಬಿಡುತ್ತದೆ. ಅಚ್ಚಾದ ಮೇಲೆ ತಪ್ಪು ನಿಮ್ಮದೇ ಅನ್ನುತ್ತಾರೆ, ಆದ್ದರಿಂದ ಕೊನೇ ಸಲ ನೋಡುವುದು ನಿಮ್ಮದೇ ಕೆಲಸ.

ಯಾವುದನ್ನು, ಹೇಗೆ ಪರೀಕ್ಷೆ ಮಾಡುವುದು

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲೇ. ಹೊಸ ಫೋನಿನ ಪ್ರೊಸೆಸರ್ ಯಾವುದು, ಪರದೆ ಎಷ್ಟು ಇಂಚು ಅಂತ ಎಲ್ಲರೂ ಬರೆಯುತ್ತಾರೆ. ಕಂಪನಿಯ ಕಾಗದ ನೋಡಿ ಬರೆಯುವುದಕ್ಕೆ ನೀವು ಬೇಕಾಗಿಲ್ಲ. ನಿಮ್ಮ ಸುತ್ತ ಇರುವ ಜನ ಯಾವ ಕೆಲಸಕ್ಕೆ ಅದನ್ನು ಹಿಡಿದಿದ್ದಾರೆ, ಆ ಕೆಲಸ ಆಗುತ್ತದಾ ಇಲ್ಲವಾ, ಅದನ್ನು ನೋಡಿ.

ಹವಾಮಾನದ ಆಪ್ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಅದು ತಪ್ಪಿದರೆ ಬಟ್ಟೆ ಒದ್ದೆಯಾಗುತ್ತದೆ, ಅಷ್ಟೇ. ಇಲ್ಲಿ ಕಾಫಿ ತೋಟದವರಿಗೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೂಮಳೆಯದ್ದೇ ಯೋಚನೆ. ರೊಬಸ್ಟಾಗೆ ಸುಮಾರು ಒಂದು ಇಂಚು ಒಳ್ಳೆ ಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ಹೂ ಅರಳುತ್ತದೆ. ಅರೆಬರೆ ಬಿದ್ದು ನಿಂತರೆ ಮೊಗ್ಗು ಕೆಡುತ್ತದೆ. ಮಳೆ ಬರುವುದಿಲ್ಲ ಅಂತ ಗೊತ್ತಾದರೆ ಮೋಟಾರ್ ಹಚ್ಚಿ ಸ್ಪ್ರಿಂಕ್ಲರ್ ಹೊಡೆಸಬೇಕು, ಅದಕ್ಕೆ ಡೀಸೆಲ್ ಖರ್ಚು, ಆಳಿನ ಖರ್ಚು, ಕೆರೆಯಲ್ಲಿ ನೀರು ಇರಬೇಕು. ಸ್ಪ್ರಿಂಕ್ಲರ್ ಹೊಡೆಸಿದ ಮಾರನೇ ದಿನವೇ ಮಳೆ ಸುರಿದರೆ ಆ ದುಡ್ಡು ಹೋದ ಹಾಗೇ. ಕುಯ್ಲಿನ ಸಮಯದಲ್ಲೂ ಇದೇ ಕಷ್ಟ. ಡಿಸೆಂಬರ್, ಜನವರಿಯಲ್ಲಿ ಹಣ್ಣು ಕಣದಲ್ಲಿ ಹರಡಿರುವಾಗ ಅಕಾಲದ ಮಳೆ ಬರುತ್ತದಾ ಅನ್ನುವುದು ಒಂದು ಮನೆಯ ವರ್ಷದ ದುಡಿಮೆಯ ಪ್ರಶ್ನೆ. ಇಂಥವರ ಕೈಯಲ್ಲಿ ಆಪ್ ಹೇಗೆ ನಡೆಯುತ್ತದೆ ಅಂತ ಬರೆಯಬೇಕು ಅಲ್ವಾ?

ಪರೀಕ್ಷೆ ಮಾಡುವ ದಾರಿ ಹೀಗೆ. ತೋಟದವರಲ್ಲಿ ಬಹಳ ಜನರ ಮನೆ ಮುಂದೆ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು ಅಳತೆ ನೋಡಿ ಪುಸ್ತಕದಲ್ಲಿ ಬರೆದಿಡುವುದು ತಲೆತಲಾಂತರದ ಪದ್ಧತಿ. ಅಂಥ ಮೂರು ನಾಲ್ಕು ಜನರನ್ನು ಗುರುತು ಮಾಡಿಕೊಳ್ಳಿ, ಒಬ್ಬರು ಮೂಡಿಗೆರೆ ಕಡೆ, ಒಬ್ಬರು ಮಲ್ಲಂದೂರು ಕಡೆ, ಒಬ್ಬರು ಸಖರಾಯಪಟ್ಟಣದ ಕಡೆ. ಹಿಂದಿನ ಸಂಜೆ ಆಪ್ ಏನು ಹೇಳಿತು ಅಂತ ಬರೆದಿಟ್ಟುಕೊಂಡು ಬೆಳಿಗ್ಗೆ ಫೋನ್ ಮಾಡಿ. “ಎಷ್ಟು ಬಂತಣ್ಣ ರಾತ್ರಿ?” ಅಂದರೆ “ಒಂದಿಂಚು ಇಪ್ಪತ್ತು ಸೆಂಟು ಕಣಪ್ಪ” ಅಂತ ಉತ್ತರ ಬರುತ್ತದೆ. ಇಲ್ಲಿಯ ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಆಪ್ ಹೇಳುವುದು ಮಿಲಿಮೀಟರಿನಲ್ಲಿ, ಇಂಚಿಗೆ 25.4. ಅಂದರೆ ಅವರು ಹೇಳಿದ್ದು ಸುಮಾರು 30 ಮಿ.ಮೀ. ಇಂಚಿನಲ್ಲಿ ತೋರಿಸುವ ಆಯ್ಕೆ ಆ ಆಪಿನಲ್ಲಿ ಇದೆಯಾ, ಅದು ಸೆಟ್ಟಿಂಗ್ಸ್‌ನ ಯಾವ ಮೂಲೆಯಲ್ಲಿದೆ ಅನ್ನುವುದನ್ನೂ ಬರೆಯಿರಿ. ತೋಟದವರಿಗೆ ಉಳಿದ ಹತ್ತು ಸೌಲಭ್ಯಕ್ಕಿಂತ ಅದು ಮುಖ್ಯ.

ಒಂದು ಹಂಗಾಮು ಪೂರ್ತಿ ಹೀಗೆ ಮಾಡಿದರೆ ಗೊತ್ತಾಗುವುದೇನೆಂದರೆ, ಆಪ್ ತಪ್ಪುವುದು ಸುಮ್ಮಸುಮ್ಮನೆ ಅಲ್ಲ. ಜಗತ್ತಿಗೆಲ್ಲ ಮುನ್ಸೂಚನೆ ಕೊಡುವ ಯುರೋಪಿನ ದೊಡ್ಡ ಕಂಪ್ಯೂಟರ್ ಮಾದರಿ ನೆಲವನ್ನು ಸುಮಾರು 9 ಕಿ.ಮೀ. ಅಗಲದ ಚೌಕಗಳಾಗಿ ನೋಡುತ್ತದೆ. ನಮ್ಮ ಹವಾಮಾನ ಇಲಾಖೆ 2025ರಲ್ಲಿ ತಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಚೌಕ 6 ಕಿ.ಮೀ. ಇಲ್ಲಿ ಒಂದು ಗುಡ್ಡದ ಆ ಕಡೆ ಹುಯ್ಯುವ ಮಳೆ ಈ ಕಡೆ ಹನಿಯುವುದೂ ಇಲ್ಲ. ಕೊಟ್ಟಿಗೆಹಾರದಲ್ಲಿ ಸೂರು ಕಿತ್ತು ಹೋಗುವ ಮಳೆ ಬೀಳುವಾಗ ಅದೇ ಜಿಲ್ಲೆಯ ಕಡೂರಿನವರು ಮಳೆಗೆ ಆಕಾಶ ನೋಡುತ್ತಿರುತ್ತಾರೆ. ಈ ಕಾರಣ ಓದುಗರಿಗೆ ಅರ್ಥವಾದರೆ ಆಪನ್ನು ಎಷ್ಟು ನಂಬಬೇಕು ಅಂತ ಅವರೇ ತೀರ್ಮಾನಿಸುತ್ತಾರೆ. ಜೊತೆಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ, ವರುಣಮಿತ್ರ ಅನ್ನುವ ಸಹಾಯವಾಣಿಯಿಂದ ರೈತರಿಗೆ ಮಾಹಿತಿ ಕೊಡುತ್ತದೆ. ಹೊಳೆಯುವ ಆಪುಗಳ ಪಕ್ಕದಲ್ಲಿ ಇದನ್ನೂ ಇಟ್ಟು ನೋಡಿ.

ಇದೇ ರೀತಿ ಬೇರೆಯವನ್ನೂ ಮಾಡಬಹುದು. ಒದ್ದೆ ಕೈಯಲ್ಲಿ ಫೋನಿನ ಪರದೆ ಮಾತು ಕೇಳುತ್ತದಾ? ಧ್ವನಿಯಿಂದ ಟೈಪ್ ಮಾಡುವ ಸೌಲಭ್ಯಕ್ಕೆ ಪುಸ್ತಕದ ಕನ್ನಡ ಓದಿ ಹೇಳಬೇಡಿ, ‘ಕಳಲೆ ಪಲ್ಯ’, ‘ಲೈನ್ ಮನೆ’, ‘ಪಲ್ಪರ್ ರಿಪೇರಿ’ ಅಂತ ಇಲ್ಲಿ ಜನ ಆಡುವ ಮಾತನ್ನೇ ಆಡಿ ನೋಡಿ. ನೆಟ್ ಇಲ್ಲದ ಅಂಗಡಿಯಲ್ಲಿ *99# ಒತ್ತಿ ದುಡ್ಡು ಕಳಿಸುವುದು ಎಷ್ಟು ಸುಲಭ ಅಂತ ನೋಡಿ, ಅದಕ್ಕೆ ಇಂಟರ್ನೆಟ್ ಬೇಡ, ಬರೀ ಸಿಗ್ನಲ್ ಸಾಕು. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಆನೆ ಎಲ್ಲಿದೆ ಅನ್ನುವ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತದೆ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೆಂಗಸರ ಜೀವ ಅದರ ಮೇಲೆ ನಿಂತಿದೆ. ಅದೇ ಸುದ್ದಿಯನ್ನು ಎಸ್ಎಂಎಸ್‌ನಲ್ಲಿ ಕಳಿಸಿದರೆ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುವ ಒಂದು ಸಂದೇಶದಲ್ಲಿ ಕನ್ನಡದ್ದು 70 ಮಾತ್ರ ಹಿಡಿಯುತ್ತದೆ, ಅದರಲ್ಲೂ ಗುಣಿತ, ಒತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಎಚ್ಚರಿಕೆಯ ಸಂದೇಶವನ್ನು ಊರಿನ ಹೆಸರಿನಿಂದ ಶುರು ಮಾಡುವುದು ಒಳ್ಳೆಯದು, ಪೀಠಿಕೆಯಿಂದ ಅಲ್ಲ. ಇಂಥ ವಿಷಯವನ್ನು ಬಿಟ್ಟು ಮಡಚುವ ಫೋನಿನ ಬಗ್ಗೆ ಬರೆಯುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಸುತ್ತಾಟ

ಹೊಸ ಫೋನ್ ಬಿಡುಗಡೆ ಅಂತ ಪ್ರತಿ ಸಲ ಬೆಂಗಳೂರಿಗೆ ಓಡಬೇಡಿ. ಬಿಡುಗಡೆ ನೇರಪ್ರಸಾರದಲ್ಲಿ ಸಿಗುತ್ತದೆ, ಫೋನು ಕೊರಿಯರಿನಲ್ಲಿ ಬರುತ್ತದೆ. ಒಬ್ಬ ಎಂಜಿನಿಯರ್ ಜೊತೆ ಎದುರು ಕೂತು ಮಾತಾಡುವ ಅವಕಾಶ ಇದ್ದರೆ ಮಾತ್ರ ಹೋಗಿ. ಉಳಿದ ಸಮಯವನ್ನು ನಮ್ಮ ಎರಡು ಜಿಲ್ಲೆ ಸುತ್ತುವುದಕ್ಕೆ ಇಟ್ಟುಕೊಳ್ಳಿ, ಅದರಿಂದ ಬರವಣಿಗೆಗೂ ಸರಕು ಸಿಗುತ್ತದೆ.

ಫೋನಿನ ಕ್ಯಾಮೆರಾ ಪರೀಕ್ಷೆ ಮಾಡಲು ನಾನು ಹೋಗುವುದು ಬೇಲೂರಿಗೆ. ಚಿಕ್ಕಮಗಳೂರಿನಿಂದ ಸುಮಾರು 25 ಕಿ.ಮೀ. ಚೆನ್ನಕೇಶವ ಗುಡಿಯನ್ನು 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, 2023ರಲ್ಲಿ ಹಳೇಬೀಡು, ಸೋಮನಾಥಪುರದ ಗುಡಿಗಳ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಒಳಗೆ ಬೆಳಕು ಕಡಿಮೆ, ಕಲ್ಲು ಕಪ್ಪು. ನವರಂಗದ ಕಂಬಗಳನ್ನು ಕಡೆದು ನುಣುಪು ಮಾಡಿದ್ದಾರೆ, ಮೈತುಂಬ ಬಳೆ ಬಳೆಯಾಗಿ ಏಣುಗಳಿವೆ, ಬಾಗಿಲ ಬೆಳಕು ಒಂದು ಬದಿಗೆ ಮಾತ್ರ ಬಿದ್ದು ಆ ಏಣುಗಳ ಅಂಚು ಮಿನುಗುತ್ತದೆ. ಒಳ್ಳೆ ಕ್ಯಾಮೆರಾ ಆ ಅಂಚನ್ನು ಹಾಗೇ ಹಿಡಿಯುತ್ತದೆ, ಕತ್ತಲನ್ನು ಕತ್ತಲಾಗಿಯೇ ಬಿಡುತ್ತದೆ. ಜಾಣತನ ಜಾಸ್ತಿ ಮಾಡುವ ಕ್ಯಾಮೆರಾ ಎಲ್ಲವನ್ನೂ ಬೆಳ್ಳಗೆ ಮಾಡಿ, ಏಣುಗಳನ್ನು ಮೇಣ ಸವರಿದ ಹಾಗೆ ಅಳಿಸಿಬಿಡುತ್ತದೆ. ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಓದುಗರಿಗೆ ಬೇರೆ ವಿವರಣೆಯೇ ಬೇಡ. ಫ್ಲಾಶ್ ಹಾಕಬೇಡಿ. ಜೂಮ್ ನೋಡಬೇಕಾದರೆ ಅಲ್ಲಿಂದ 16 ಕಿ.ಮೀ. ದೂರದ ಹಳೇಬೀಡಿಗೆ ಹೋಗಿ, ಹೊಯ್ಸಳೇಶ್ವರದ ಹೊರಗೋಡೆಯ ಕೆಳಸಾಲಿನಲ್ಲಿರುವ ಆನೆಗಳನ್ನು ದೂರದಿಂದ ತೆಗೆಯಿರಿ.

ಹಾಸನ ದಾಟುವಾಗ ಒಂದು ವಿಷಯ ನೆನಪಿರಲಿ. 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇಲ್ಲೇ ಇದೆ. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಅವುಗಳ ಜಾಗಕ್ಕೆ ಮುಟ್ಟಿಸಿ ಅಲ್ಲೇ ನಿಲ್ಲಿಸಿಕೊಳ್ಳುವ ಕೆಲಸ ಹಾಸನದಿಂದ ನಡೆಯುತ್ತದೆ. ಟೆಕ್ನಾಲಜಿ ಅಂದರೆ ಎಲ್ಲೋ ದೂರದ್ದು ಅನ್ನುವ ನಮ್ಮ ಕಡೆಯ ಮಕ್ಕಳಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ರೈಲು ದಾರಿಯಲ್ಲಿ ಹಗಲು ಹೊತ್ತು ಹೋಗಿ. ಸುರಂಗ, ಸೇತುವೆ, ಕಾಡು, ಸಿಗ್ನಲ್ ಅಂತೂ ಬಹಳ ಕಡೆ ಇಲ್ಲ. ಲ್ಯಾಪ್‌ಟಾಪ್ ತೆರೆಯಬೇಡಿ, ಕಿಟಕಿ ಪಕ್ಕ ಕೂತರೆ ಸಾಕು. ಜುಲೈ, ಆಗಸ್ಟ್‌ನಲ್ಲಿ ಘಾಟಿಯಲ್ಲಿ ಮಣ್ಣು ಕುಸಿದು ರೈಲು ನಿಲ್ಲುವುದುಂಟು, ಆ ತಿಂಗಳಲ್ಲಿ ಹೊರಡುವವರು ಮಾರನೇ ದಿನಕ್ಕೆ ಯಾವ ಕೆಲಸವನ್ನೂ ಒಪ್ಪಿಕೊಳ್ಳಬಾರದು. ರಸ್ತೆಯಲ್ಲಿ ಹೋಗುವವರು ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಜಿಪಿಎಸ್‌ಗೆ ಸಿಮ್ ಬೇಡ, ಅದು ಉಪಗ್ರಹದಿಂದ ನೇರವಾಗಿ ಹಿಡಿಯುತ್ತದೆ. ಬೇಕಾಗುವುದು ನಕ್ಷೆ ಮಾತ್ರ. ಚಾರ್ಮಾಡಿ ಕಡೆ ಹೊರಟರೆ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿನ್ನಿ. ಮುಳ್ಳಯ್ಯನಗಿರಿಗೆ ಭಾನುವಾರ ಬೇಡ. ರಾಜ್ಯದ ಅತಿ ಎತ್ತರದ ಶಿಖರ ಅಂತ ಎಲ್ಲರೂ ಅದೇ ದಿನ ಬರುತ್ತಾರೆ, ಕೈಮರ ಚೆಕ್‌ಪೋಸ್ಟಿನ ಆಚೆ ರಸ್ತೆ ಕಿರಿದು. ನಿಮ್ಮ ಕೆಲಸಕ್ಕೆ ವಾರದ ದಿನದಲ್ಲೂ ರಜ ಹಾಕಿಕೊಳ್ಳಬಹುದು ತಾನೇ, ಆ ಅನುಕೂಲ ಬಳಸಿಕೊಳ್ಳಿ.

ಬಿಡುವು

ದಿನವಿಡೀ ಪರದೆ ನೋಡುವವರು ಬಿಡುವಿನಲ್ಲೂ ಪರದೆಯನ್ನೇ ನೋಡಿದರೆ ಬರವಣಿಗೆ ಒಣಗುತ್ತದೆ. ನಾನು ಸಂಜೆ ಫೋನನ್ನು ಒಳಕೋಣೆಯಲ್ಲಿ ಬಿಟ್ಟು ಹೊರಗೆ ಬರುತ್ತೇನೆ. ಮಳೆ ಇದ್ದರೆ ಹಾಸನ ಆಕಾಶವಾಣಿ, ಇಲ್ಲದಿದ್ದರೆ ನಡಿಗೆ. ಬೆಳಗಿನ ಜಾವ ಮಡಿವಾಳ ಹಕ್ಕಿ, ಕಾಜಾಣ, ಕುಟ್ರುಹಕ್ಕಿ ಕೂಗುವುದನ್ನು ಕೇಳಿ ಗುರುತು ಹಿಡಿಯುವುದು ನನಗೆ ತುಂಬಾ ಇಷ್ಟ. ಹಕ್ಕಿಯ ದನಿ ಕೇಳಿ ಹೆಸರು ಹೇಳುವ ಆಪುಗಳಿವೆ, ಅವು ಒಳ್ಳೆಯವೇ. ಆದರೆ ಮೊದಲು ನೀವು ಒಂದು ಹೆಸರು ಹೇಳಿ, ಆಮೇಲೆ ಆಪ್ ತೆಗೆದು ಸರಿಯಾ ಅಂತ ನೋಡಿ. ಕಿವಿ ಕಲಿಯುವುದು ಹಾಗೆ.

ಕಾಫಿ ವಿಷಯದಲ್ಲಿ ರಾಜಿ ಬೇಡ. ಬಾಬಾಬುಡನ್ ಅವರು ಯೆಮನ್ನಿನಿಂದ ಏಳು ಬೀಜ ತಂದು ಬಿತ್ತಿದರು ಅನ್ನುವ ಐತಿಹ್ಯ ಇರುವ ಜಿಲ್ಲೆಯಲ್ಲಿ ಪೊಟ್ಟಣದ ಇನ್‌ಸ್ಟಂಟ್ ಪುಡಿ ಕುಡಿಯುತ್ತಾ ಕೆಲಸ ಮಾಡುವುದು ಯಾಕೆ? ಊರಿನಲ್ಲಿ ಎದುರಿಗೇ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಗಳಿವೆ. ಒಂದೇ ಸಲ ಕಿಲೋಗಟ್ಟಲೆ ತರಬೇಡಿ, ನೂರು ಗ್ರಾಂ, ಇನ್ನೂರು ಗ್ರಾಂ ತನ್ನಿ, ಮಳೆಗಾಲದ ತೇವಕ್ಕೆ ಪುಡಿಯ ಘಮ ಬೇಗ ಹೋಗುತ್ತದೆ. ಹಾಲು ಹಾಕಿ ಕುಡಿಯುವವರು ಅರೇಬಿಕಾ ಜೊತೆ ಸ್ವಲ್ಪ ರೊಬಸ್ಟಾ ಸೇರಿಸಿ, ಡಿಕಾಕ್ಷನ್ ಗಟ್ಟಿ ಬರುತ್ತದೆ. ಕುದಿಯುವ ನೀರನ್ನು ನೇರ ಸುರಿಯದೆ, ಒಲೆ ಆರಿಸಿ ಅರೆಗಳಿಗೆ ಬಿಟ್ಟು ಫಿಲ್ಟರ್‌ಗೆ ಹಾಕಿ. ಬರೀ ಡಿಕಾಕ್ಷನ್ ಕುಡಿಯುವವರಿಗೆ ಚಿಕೋರಿ ಇಲ್ಲದ ಅರೇಬಿಕಾ ಸಾಕು, ಆದರೆ ಚಿಕೋರಿ ಬೇಡ ಅಂತ ಪುಡಿ ಮಾಡಿಸುವ ಮುಂಚೆಯೇ ಹೇಳಬೇಕು, ಕೇಳದೇ ಸೇರಿಸಿಬಿಡುವ ಅಭ್ಯಾಸ ಕೆಲವು ಕಡೆ ಇದೆ.